ಸೊಂಟದೆತ್ತರದ ಕಣಗಿಲೆ

ಕ್ಷೌರಿಕನ ಹೆಂಡತಿ ಸಿಡಿಮಿಡಿಗುಟ್ಟುತ್ತ ನರ್ಸರಿಗೆ ಬಂದದ್ದು ಇದು ಮೂರನೆಯ ಸಲ. ಮೊದಲು ಒಯ್ದ ಕಾಗದದ ಹೂವಿನ ಬಳ್ಳಿ ಮೇಲೇರಲೇ ಇಲ್ಲ. ಆಮೇಲೆ ಒಯ್ದ ದಾಸವಾಳ ಸೊಂಟದೆತ್ತರಕ್ಕೆ ಬಂದು ಮುಷ್ಕರ ಹೂಡಿತು. ಅವಳಿಗೆ ಬೇಕಾದದ್ದು ಹೂವೂ ಅಲ್ಲ, ನೆರಳೂ ಅಲ್ಲ. ಹಿತ್ತಲ ಬೇಲಿ ಕಣ್ಣಿಗೆ ಬೀಳಬಾರದು, ಅಷ್ಟೇ.

ಬೇಲಿಯೆಂದರೆ ತುಕ್ಕು ಹಿಡಿದ ತಗಡು. ಅದನ್ನಾದರೂ ಸಹಿಸಬಹುದಿತ್ತು. ನಟ್ಟನಡುವೆ ಗಂಡ ಮೊಳೆ ಹೊಡೆದು ಕೂರಿಸಿದ್ದ ಹಳೆಯ ಬೋರ್ಡನ್ನು ಸಹಿಸುವುದು ಅವಳ ಕೈಲಾಗುತ್ತಿರಲಿಲ್ಲ. 'ಅಣ್ಣ ತಮ್ಮ ಕಟಿಂಗ್ ಶಾಪ್' ಎಂದು ಅದರ ಮೇಲೆ ಗೇಣುದ್ದದ ಅಕ್ಷರಗಳು. ನಾಲ್ಕು ವರ್ಷದ ಹಿಂದೆ ಭಾವ ಗಿರಾಕಿಗಳ ಎದುರಿಗೇ ತಮ್ಮನ ಮಾನ ಕಳೆದು, ತನ್ನ ಕತ್ತರಿ ಬಾಚಣಿಗೆ ಎತ್ತಿಕೊಂಡು ಹೊರಟುಹೋಗಿದ್ದ. ಬೋರ್ಡು ಬೇಲಿಯ ಕಂಡಿ ಮುಚ್ಚಲು ಹಿತ್ತಲಿಗೆ ಬಂತು. ಪಾತ್ರೆ ತಿಕ್ಕಲು ಕೂತರೂ ಅದೇ, ಬಟ್ಟೆ ಹರವಲು ನಿಂತರೂ ಅದೇ. ಕಂಡಾಗಲೆಲ್ಲ ಭಾವ ಅಂದಿದ್ದ ಮಾತು ನೆನಪಾಗಿ ಅವಳ ಮೈ ಉರಿಯುತ್ತಿತ್ತು. ಗಂಡನಿಗೆ ಹೇಳಿದರೆ, "ಅವನ ಸುದ್ದಿ ಎತ್ತಬೇಡ. ಬೇಕಿದ್ರೆ ಗಿಡ ನೆಟ್ಕೋ" ಎಂದು ಒಂದೇ ಮಾತು.

"ಈ ಸಲ ಕಣಗಿಲೆ ತಗೊಂಡ್ಹೋಗಕ್ಕ," ಎಂದ ನರ್ಸರಿಯವನು. "ಆಳೆತ್ತರ ಬೆಳೀಲಿಲ್ಲ ಅಂದ್ರೆ ಅಂಗಡೀನೇ ಮುಚ್ತೀನಿ."

ಆರು ಗಿಡ ನೆಟ್ಟಳು. ಗೊಬ್ಬರ ಹಾಕಿದಳು, ನೀರು ಹೊಯ್ದಳು, ಬೈದಳು ಕೂಡ. ತಿಂಗಳುಗಳು ಕಳೆದವು. ಅಕ್ಕಪಕ್ಕದ ನಾಲ್ಕು ಗಿಡ ತಲೆ ಮೀರಿ ಬೆಳೆದವು. ಬೋರ್ಡಿನ ಮುಂದಿನ ಎರಡು ಮಾತ್ರ ಮತ್ತೆ ಸೊಂಟಕ್ಕೇ ನಿಂತವು. ಅವುಗಳದೊಂದು ರೆಂಬೆ ಮುರಿದುಕೊಂಡು ನೇರ ಜಗಳಕ್ಕೇ ಹೋದಳು.

"ಅಂಗಡಿ ಯಾವತ್ತು ಮುಚ್ತೀರಿ?"

ನರ್ಸರಿಯವನು ರೆಂಬೆಯ ತುದಿ ನೋಡಿ ನಕ್ಕುಬಿಟ್ಟ. "ಗಿಡದ್ದೇನೂ ತಪ್ಪಿಲ್ಲಕ್ಕ. ಯಾರೋ ಕತ್ತರಿ ಆಡಿಸಿದ್ದಾರೆ. ಎಷ್ಟು ನೀಟಾಗಿ ನೋಡಿ!"

ಅವಳ ಪಿತ್ತ ನೆತ್ತಿಗೇರಿತು. ಪೊರಕೆಯ ತುದಿಯನ್ನೂ ಕತ್ತರಿಸಿ ಸಮ ಮಾಡಿಟ್ಟ ಮಹಾನುಭಾವ ಅವಳ ಗಂಡ. ಆ ಕೈಯ ತುರಿಕೆಗೆ ಮೂರು ಸಲದ ಗಿಡ ಬಲಿಯಾಯಿತಲ್ಲ! ಮರುದಿನ ಬೆಳಿಗ್ಗೆ ಕತ್ತರಿ ಸಮೇತ ಹಿಡಿದು, ಬಾಯಿಗೆ ಬಂದದ್ದು ಅಂದೇಬಿಡಬೇಕೆಂದು ಅಡುಗೆಮನೆಯ ಕಿಟಕಿಯ ಮರೆಯಲ್ಲಿ ನಿಂತಳು.

ಗಂಡ ಕತ್ತರಿ ಹಿಡಿದು ಬಂದ. ಅಕ್ಕಪಕ್ಕದ ಗಿಡಗಳು ಕೆದರಿದ ತಲೆಯ ಹಾಗೆ ಅಡ್ಡಾದಿಡ್ಡಿ ಬೆಳೆದಿದ್ದವು. ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ನಡುವಿನ ಎರಡರ ಚಿಗುರನ್ನಷ್ಟೇ ಕತ್ತರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬೋರ್ಡು ಪೂರ್ತಿ ಕಾಣುತ್ತದೆಯೇ ಎಂದು ಕತ್ತು ಓರೆ ಮಾಡಿ ನೋಡಿದ. ಆಮೇಲೆ ಹೆಗಲ ಟವೆಲಿನಿಂದ 'ಅಣ್ಣ' ಎಂಬಲ್ಲಿಯ ಧೂಳು ಒರೆಸಿದ. 'ತಮ್ಮ' ಎಂಬಲ್ಲಿಗೆ ಕೈ ಹೋಗಲೇ ಇಲ್ಲ.

ಅವಳು ಕಿಟಕಿ ಬಿಟ್ಟು ಒಲೆಯ ಕಡೆ ತಿರುಗಿದಳು. ಕೋಪವೇನೂ ಇಳಿಯಲಿಲ್ಲ. ನಾಲ್ಕು ವರ್ಷ ದಿನಾ ಜೊತೆಗೆ ಊಟಕ್ಕೆ ಕೂತವನು ತನಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಅದು ಇನ್ನಷ್ಟು ಏರಿತು.

ಮಧ್ಯಾಹ್ನ ಐದನೆಯ ಸಲ ನರ್ಸರಿಗೆ ಹೋದಳು.

"ಸೊಂಟಕ್ಕಿಂತ ಮೇಲೆ ಬೆಳೆಯದ ಗಿಡ ಎರಡು ಕೊಡಿ."

"ಬೇಲಿ ಕಾಣುತ್ತಲ್ಲಕ್ಕ?"

"ಕಾಣಲಿ," ಎಂದು ರೇಗಿದಳು. "ದಿನಾ ಬೆಳಿಗ್ಗೆ ಕದ್ದು ಕತ್ತರಿಸೋ ಕಷ್ಟನಾದ್ರೂ ತಪ್ಪಲಿ ಆ ಮನುಷ್ಯನಿಗೆ."