ಸಿದ್ದಾಪುರದಿಂದ ಯಲ್ಲಾಪುರಕ್ಕೆ, ಎರಡು ದಿನ

ಶ್ರೀವಾಣಿ ನಡೆಯಲು ಶುರುಮಾಡಿದ್ದು ಒಂದು ಬಸ್ಸು ಕೆಟ್ಟಿದ್ದರಿಂದ. ಸಿದ್ದಾಪುರದ ಅಕ್ಕನ ಮನೆಯಿಂದ ಶಿರಸಿಗೆ ಮರಳುವಾಗ ಕಾನಸೂರು ದಾಟಿದ ಮೇಲೆ ಬಸ್ಸು ಹೊಗೆಯುಗುಳಿ ನಿಂತಿತು. ಎಲ್ಲರೂ ಮರದ ನೆರಳಿನಲ್ಲಿ ಕುಳಿತು ಇನ್ನೊಂದು ಬಸ್ಸಿಗೆ ಕಾದರು. ಶ್ರೀವಾಣಿಗೆ ಕೂತು ಕೂತು ಬೇಸರ ಬಂದಿತ್ತು. ಶಿರಸಿಯಲ್ಲಿ ಅವಳದು ಹೊಲಿಗೆ ಕ್ಲಾಸು. ನಲವತ್ತು ದಾಟಿದ ಆಯುಷ್ಯದಲ್ಲಿ ಅರ್ಧವನ್ನು ಹೊಲಿಗೆ ಯಂತ್ರದ ಮುಂದೆಯೇ ಕಳೆದವಳು. ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಬದಲಿ ಬಸ್ಸು ಬಂದು ಪಕ್ಕದಲ್ಲಿ ನಿಧಾನಿಸಿದಾಗ ಕಂಡಕ್ಟರು ಹತ್ತಿ ಎಂದು ಕೈಮಾಡಿದ. ಅವಳೂ ಕೈಮಾಡಿದಳು, ನೀವು ಹೋಗಿ ಎಂದು.

ಮನೆ ಮುಟ್ಟಿದಾಗ ಗಂಡ ಸತೀಶ ಬಾಗಿಲಲ್ಲೇ ನಿಂತಿದ್ದ. ಮದುವೆ ಮುಂಜಿಗಳ ಅಡಿಗೆ ಮಾಡಿಸುವ ಅವನಿಗೆ ಅಂದು ಕೆಲಸವಿರಲಿಲ್ಲ.

"ಫೋನ್ ಮಾಡಿದ್ರೆ ಸ್ಕೂಟರ್ ತಗಂಡು ಬರ್ತಿದ್ದೆ. ಎಂತಕ್ಕೆ ನಡ್ಕಂಡು ಬಂದೆ ಮಾರಾಯ್ತಿ?"

"ನಾಳೆನೂ ನಡೀತೆ" ಎಂದಳು ಶ್ರೀವಾಣಿ. ಪಾದ ಊದಿಕೊಂಡಿತ್ತು, ಹಿಮ್ಮಡಿ ಉರಿಯುತ್ತಿತ್ತು. ಆದರೂ ಎಷ್ಟೋ ವರ್ಷಗಳಿಂದ ತನ್ನ ಮೈ ಇಷ್ಟು ತನ್ನದಾಗಿ ಅನಿಸಿರಲಿಲ್ಲ.

ಮಾರನೆಯ ದಿನ ಸ್ವಲ್ಪವೇ ನಡೆಯಲಾಯಿತು. ವಾರ ಕಳೆದ ಮೇಲೆ ಹೆಚ್ಚಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಬೆಳಗಿನ ಚಹಾಕ್ಕೆ ಮೊದಲೇ ಹುಲಗೋಳದ ಕಡೆ ಹೋಗಿ ಬಂದಿರುತ್ತಿದ್ದಳು. ಒಂದಳತೆ ದೊಡ್ಡ ಬೂಟು ಕೊಂಡಳು. ಬೆರಳ ಸಂದಿಗೆ ವ್ಯಾಸಲೀನ್ ಹಚ್ಚುವುದು, ಮೊಣಕೈ ಮಡಿಸಿ ಬೀಸುವುದು, ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡುವುದು, ಎಲ್ಲವನ್ನೂ ರಸ್ತೆಯ ಮೇಲೆಯೇ ಕಲಿತಳು. ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದು ಪರಿಚಯದವರ ಗಾಡಿ ಹತ್ತದೇ ಇರುವುದು. ಯಾರಾದರೂ ನಿಲ್ಲಿಸಿ ಶುಗರ್ ಬಂತೇ ಎಂದು ಕೇಳುವರು. ಇಲ್ಲವೆಂದರೆ, ಚಂದಗುಳಿ ಗಂಟೆ ಗಣಪನಿಗೆ ಹರಕೆಯೇ ಎನ್ನುವರು.

"ಎರಡೂ ಅಲ್ಲ. ಇದು ಆಟ, ಅಭ್ಯಾಸ ಮಾಡ್ತಾ ಇದ್ದೇನೆ" ಎನ್ನುತ್ತಿದ್ದಳು. ಅವರು ನಗುವುದರೊಳಗೆ ತಿರುವು ದಾಟಿರುತ್ತಿದ್ದಳು.

ಡಿಸೆಂಬರಿನಲ್ಲಿ ಶಿರಸಿಯ ನಡಿಗೆ ಬಳಗದವರು ಒಂದು ಸ್ಪರ್ಧೆ ಇಟ್ಟರು. ಮೊದಲ ದಿನ ಸಿದ್ದಾಪುರದಿಂದ ಶಿರಸಿಗೆ, ಎರಡನೆಯ ದಿನ ಶಿರಸಿಯಿಂದ ಯಲ್ಲಾಪುರಕ್ಕೆ. ಗಂಡಸರಲ್ಲಿ, ಹೆಂಗಸರಲ್ಲಿ ಯಲ್ಲಾಪುರ ಮೊದಲು ಮುಟ್ಟಿದವರಿಗೆ ಗೆಲುವು. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಓಡಿದರೆ ಮೊದಲು ಎಚ್ಚರಿಕೆ, ಮತ್ತೆ ಓಡಿದರೆ ಹೊರಗೆ. ಶ್ರೀವಾಣಿ ಅಂದೇ ಹೆಸರು ಕೊಟ್ಟಳು.

"ಎರಡು ದಿನ ಮೇಲಿಂದ ಮೇಲೆ ಆಗ್ತನ?" ಎಂದು ಸತೀಶ ಕೇಳಿದ.

"ಆಗ್ತು. ತಿನ್ನೂದು ಕುಡಿಯೂದು ನೋಡ್ಕಂಬಲೆ ಒಬ್ಬರು ಬೇಕು."

ಸತೀಶ ಆ ಎರಡು ದಿನ ಬೇರೆ ಅಡಿಗೆ ಒಪ್ಪಿಕೊಳ್ಳಲಿಲ್ಲ. ಸ್ಕೂಟರಿಗೆ ಬಾಳೆಹಣ್ಣಿನ ಗೊನೆ, ಗಂಜಿಯ ಥರ್ಮಾಸು, ಉಪ್ಪು ಮುಂದಾಗಿ ಹಾಕಿದ ಮಾವಿನಕಾಯಿ ಅಪ್ಪೆಹುಳಿಯ ಬಾಟಲಿ ಕಟ್ಟಿಕೊಂಡು ಮುಂದೆ ಹೋಗಿ ಅಲ್ಲಲ್ಲಿ ಕಾಯುತ್ತಿದ್ದ.

ಮೊದಲ ದಿನ ಹುಡುಗರು ಗುಂಪು ಗುಂಪಾಗಿ ಮುಂದೆ ಹೋದರು. ಶ್ರೀವಾಣಿ ತನ್ನ ಗತಿ ಬಿಡಲಿಲ್ಲ. ಕಾನಸೂರಿನಿಂದ ಈಚೆ ಒಬ್ಬೊಬ್ಬರೇ ಬೂಟು ಬಿಚ್ಚಿ ಕಟ್ಟೆಯ ಮೇಲೆ ಕುಳಿತದ್ದು ಕಾಣತೊಡಗಿತು. ಶಿರಸಿಯಲ್ಲಿ ಹೆಂಗಸರ ಪೈಕಿ ಅವಳು ಎರಡನೆಯವಳಾಗಿ ಮುಟ್ಟಿದಳು. ಮೊದಲು ಬಂದವಳು ಬನವಾಸಿ ಕಡೆಯ ಹೈಸ್ಕೂಲಿನ ಪಿ.ಟಿ. ಟೀಚರ್ ಗೀತಾ. ಕಟ್ಟುಮಸ್ತಾದ ಆಳು, ಮಾತು ಜೋರು.

ಮರುದಿನ ಮಂಚಿಕೇರಿಯವರೆಗೂ ಗೀತಾಳ ಕೆಂಪು ಟೋಪಿ ಮುಂದೆಯೇ ಕಾಣುತ್ತಿತ್ತು. ಬೇಡ್ತಿ ಹೊಳೆ ದಾಟಿ ಏರು ಹಿಡಿದಾಗ ಟೋಪಿ ನಿಂತಿತು. ಹತ್ತಿರ ಹೋದರೆ ಗೀತಾ ಕಲ್ಲಿನ ಮೇಲೆ ಕುಳಿತು ಮೀನಖಂಡ ಒತ್ತಿಕೊಳ್ಳುತ್ತಿದ್ದಳು. ನೋವಿಗೆ ಕಣ್ಣಲ್ಲಿ ನೀರು.

ಶ್ರೀವಾಣಿ ಮಂಡಿಯೂರಿ ಅವಳ ಪಾದ ಹಿಡಿದು ಬೆರಳುಗಳನ್ನು ಮೇಲಕ್ಕೆ ಒತ್ತಿದಳು. ಸ್ವಲ್ಪ ಹಿಂದೆಯಷ್ಟೇ ಸತೀಶ ಕೈಗಿಟ್ಟಿದ್ದ ಬಾಟಲಿ ಕೊಟ್ಟಳು.

"ಏನ್ರಿ ಇದು?"

"ಅಪ್ಪೆಹುಳಿ. ಉಪ್ಪಿದೆ, ಪೂರ್ತಿ ಕುಡೀರಿ."

ಗೀತಾ ಗಟಗಟ ಕುಡಿದು ಮುಖ ಕಿವುಚಿದಳು. "ಇನ್ನ ನೀವು ನಡೀರಿ. ನನ್ನ ಸಲುವಾಗಿ ನಿಂತ್ರ ಬೈತೀನಿ ನೋಡ್ರಿ."

ಶ್ರೀವಾಣಿ ಹೊರಟಳು. ಹಿಂತಿರುಗಿ ನೋಡಲಿಲ್ಲ. ಈಗ ಅವಳ ಮುಂದೆ ಬರೀ ರಸ್ತೆ. ಮೊದಲಿಗಳಾಗಿ ನಡೆಯುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎದೆಯೊಳಗೆ ಏನೋ ಅಗಲವಾದಂತಾಯಿತು.

ಯಲ್ಲಾಪುರದ ಮೊದಲ ಮನೆಗಳು ಕಾಣುವಾಗ ಹಿಂದೆ ಬೂಟಿನ ಸದ್ದು ಕೇಳಿತು. ಟಪ್ ಟಪ್ ಟಪ್, ಒಂದೇ ಲಯ. ಇಳಿಜಾರಿನಲ್ಲಿ ಸದ್ದು ಪಕ್ಕಕ್ಕೇ ಬಂತು. ಗೀತಾ! ಶ್ರೀವಾಣಿ ಕೈ ಬೀಸುವುದನ್ನು ಚುರುಕು ಮಾಡಿದಳು. ಕಾಲು ತಾನಾಗಿ ಹಿಂಬಾಲಿಸಿತು. ಇಷ್ಟು ಬೇಗ ಅವಳು ಎಂದೂ ನಡೆದಿರಲಿಲ್ಲ. ಓಡಿಬಿಡು ಎಂದು ತೊಡೆಯ ನರನರವೂ ಹೇಳಿತು.

ಬೈಕಿನ ಮೇಲೆ ಜೊತೆಗೇ ಬರುತ್ತಿದ್ದ ತೀರ್ಪುಗಾರ ಶಿವಲಿಂಗಪ್ಪ ಕೂಗಿದ: "ಅಕ್ಕಾರ, ಕಾಲು ನೆಲದ ಮ್ಯಾಲ ಇರ್ಲಿ! ಇಬ್ರಿಗೂ ಹೇಳಾಕತ್ತೀನಿ!"

ಶ್ರೀವಾಣಿ ಓಡಲಿಲ್ಲ. ಗೀತಾಳೂ ಓಡಲಿಲ್ಲ. ಕೊನೆಯ ತಿರುವಿನಲ್ಲಿ ಗೀತಾ ಒಂದು ಮಾರು ಮುಂದಾದಳು. ಆ ಒಂದು ಮಾರನ್ನು ಶ್ರೀವಾಣಿಯಿಂದ ಕೊನೆಯವರೆಗೂ ತುಂಬಲಾಗಲಿಲ್ಲ.

ಸತೀಶ ಓಡಿಬಂದು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಬೂಟು ಬಿಚ್ಚಿದ. "ಆ ಬಾಟಲಿ ಕೊಡದೇ ಇದ್ದಿದ್ರೆ ನೀನೇ ಮೊದಲು" ಎಂದ, ಮೆಲ್ಲಗೆ.

"ಹೌದು," ಎಂದಳು ಶ್ರೀವಾಣಿ, ಉಸಿರು ಎಳೆದುಕೊಳ್ಳುತ್ತ. "ಆದ್ರೆ ಅವಳು ಬೆನ್ನು ಹತ್ತಿದ್ದಕ್ಕೇ ಎನಗೆ ಗೊತ್ತಾತು, ಆನು ಎಷ್ಟು ಜೋರು ನಡೀಲಕ್ಕು ಹೇಳಿ."

ಗೀತಾ ಕುಂಟುತ್ತ ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು. "ಇಳಿಜಾರಿನಾಗ ನೀವು ಭಾಳ ಹೆದರ್ತೀರಿ. ಅಲ್ಲೇ ನಾ ನಿಮ್ಮನ್ನ ಹಿಡದೆ."

"ಕಲಿಸ್ತೀರಾ?"

"ಕಲಿಸಿದ್ರ ಮುಂದಿನ ವರ್ಷ ನೀವು ನನ್ನ ಸೋಲಸ್ತೀರಿ."

"ಸೋಲಿಸ್ತೇನೆ."

ಗೀತಾ ಅವಳನ್ನೇ ನೋಡಿ ಗಟ್ಟಿಯಾಗಿ ನಕ್ಕಳು. "ಹಂಗಾರ ಐತವಾರ ಬನವಾಸಿಗೆ ಬರ್ರಿ. ಊರ ಹೊರಗ ಒಂದು ಚಲೋ ಇಳಿಜಾರ ಐತಿ."

ಶ್ರೀವಾಣಿ ತನ್ನ ಪಾದ ನೋಡಿಕೊಂಡಳು. ಹೆಬ್ಬೆರಳ ಉಗುರು ಕಪ್ಪಗಾಗಿತ್ತು, ಹಿಮ್ಮಡಿಯಲ್ಲಿ ಬೊಕ್ಕೆ ಒಡೆದಿತ್ತು. "ಈ ವಾರ ಬೇಡ, ಅದರ ಮುಂದಿನ ವಾರ" ಎಂದು ಹೇಳಿ, ಗಂಜಿಯ ಲೋಟಕ್ಕೆ ಕೈಚಾಚಿದಳು.