ಒಣ ತೊಟ್ಟಿಯಲ್ಲಿ ನರ್ಸಮ್ಮ

ಗುಂಡ್ಲುಪೇಟೆಯ ಪ್ಲಂಬರ್ ನಿಯಾಜ್ ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಬಚ್ಚಲುಮನೆಗಳಿಗೆ ಪೈಪು ಎಳೆದಿದ್ದ. ಆದರೆ ಗೋಡೆಗೆ ತಾಗದೆ, ನಟ್ಟನಡುವೆ ಒಂಟಿಯಾಗಿ ನಿಲ್ಲುವ ಸ್ನಾನದ ತೊಟ್ಟಿಯನ್ನು ಕೂರಿಸುವುದು ಇದೇ ಮೊದಲು. ಅದನ್ನು ತರಿಸಿದವರು ತೆರಕಣಾಂಬಿಯ ಚಾಮುಂಡಿ. ಮೂವತ್ತು ವರ್ಷ ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ, ಹುಟ್ಟಿದ ಕೂಸುಗಳಿಗೆಲ್ಲ ನೀರೆರೆದು, ಹೋದ ವರ್ಷ ನಿವೃತ್ತರಾದ ನರ್ಸಮ್ಮ. ಮೊಬೈಲಿನಲ್ಲಿ ಬಿಳಿ ತೊಟ್ಟಿಯ ಚಿತ್ರ ತೋರಿಸಿ, "ನಡುಮಧ್ಯಕ್ಕೇ ಬರ್ಬೇಕು ಕಣಪ್ಪ, ಸುತ್ತ ಗಾಳಿ ಆಡ್ಬೇಕು" ಎಂದಿದ್ದರು.

ನಿಯಾಜ್ ಹಾಗೇ ಮಾಡಿದ. ನೆಲ ಅಗೆದು ನೀರು ಹೋಗುವ ಪೈಪನ್ನು ನಡುವಿಗೆ ತಂದ, ಮಟ್ಟ ನೋಡಿದ, ಟೈಲ್ಸ್ ಹಾಕಿಸಿದ. ನಾಲ್ಕು ಜನ ಹೊತ್ತು ತಂದ ತೊಟ್ಟಿ ತೂತಿನ ಮೇಲೆ ಕರಾರುವಾಕ್ಕಾಗಿ ಕೂತಾಗ ಅವನಿಗೇ ಹೆಮ್ಮೆಯೆನಿಸಿತು. ಇನ್ನು ಪೈಪು ಜೋಡಿಸಿ ಅಂಚಿಗೆ ಗಮ್ ಬಳಿದರೆ ಮುಗಿಯಿತು.

ಆಗ ಚಾಮುಂಡಿ ಟೀ ತಂದರು. ಬಚ್ಚಲ ಹೊಸ್ತಿಲು ಅರ್ಧ ಗೇಣೂ ಇರಲಿಲ್ಲ. ಅದನ್ನು ದಾಟಲು ಅವರು ಲೋಟವನ್ನು ಅವನ ಕೈಗೆ ಕೊಟ್ಟು, ಬಾಗಿಲು ಹಿಡಿದು, ಎಡಗಾಲನ್ನು ಎತ್ತಿ ಒಳಗಿಟ್ಟರು. ತೊಟ್ಟಿಯ ಅಂಚು ನಿಯಾಜನ ಮಂಡಿಗಿಂತ ಮೇಲಿತ್ತು.

ಅವನು ಟೀ ಕುಡಿಯುತ್ತಾ ಯೋಚಿಸಿದ. ಈ ತೊಟ್ಟಿ ನಿಮಗಾಗದು ಎಂದು ಹೇಳಿದರೆ ಎರಡು ವಾರದ ಕೆಲಸ ಹಾಳು. ಜೊತೆಗೆ ನಿಮಗೆ ವಯಸ್ಸಾಯಿತು ಎಂದು ಮುಖಕ್ಕೇ ಹೇಳಿದಂತೆ. ಹೇಳದಿದ್ದರೆ ಯಾರೂ ಅವನನ್ನು ಬೈಯುವಂತಿರಲಿಲ್ಲ. ಅವರು ಕೇಳಿದ್ದನ್ನೇ ತಾನೆ ಮಾಡಿದ್ದು?

"ನೀರ್ ಬುಡಕ್ ಮುಂಚೆ ಒಂದ್ಸಲ ಒಳಗ್ ಕೂತ್ ನೋಡ್ಬುಡಿ ನರ್ಸಮ್ಮ. ನಾನ್ ಈಚೆಗಿರ್ತೀನಿ."

ಹೊರಗೆ ನಿಂತವನಿಗೆ ಸೀರೆಯ ಸರಬರ, ಒಂದು ಏದುಸಿರು ಕೇಳಿತು. ಆಮೇಲೆ ಅಂಚಿಗೆ ಎರಡು ಮೂರು ಸಲ ಬಳೆ ತಾಗಿದ ಸದ್ದು.

"ನಿಯಾಜು," ಎಂದರು ಚಾಮುಂಡಿ ಕೊನೆಗೆ. "ಚೆನ್ನಾಗದೆ. ಏಳಕ್ ಮಾತ್ರ ಆಯ್ತಿಲ್ಲ."

ಅವನು ಒಳಗೆ ಬಂದಾಗ ಅವರು ಎರಡೂ ಅಂಚು ಹಿಡಿದು ಕೂತಿದ್ದರು. ಕೈಗೆಟುಕುವಷ್ಟರಲ್ಲಿ ಗೋಡೆಯಿರಲಿಲ್ಲ. ನಿಯಾಜ್ ಕೈ ಚಾಚಿ, ಸಂಕೋಚದಿಂದ ಹಿಂದಕ್ಕೆಳೆದುಕೊಂಡ.

"ಹೊಸ್ಲು ದಾಟ್ದಾಗ ನೋಡ್ದಲ್ಲ, ಅದುಕ್ಕೇ ಕೂರುಸ್ದೆ ಅಲ್ವಾ?"

"ಊಂ."

"ಬಾಯಲ್ ಹೇಳ್ಬೋದಿತ್ತು."

"ಹೇಳುದ್ರೆ ಒಪ್ತಿದ್ರಾ?"

ಚಾಮುಂಡಿ ತೊಟ್ಟಿಯ ಒಳಮೈಯನ್ನು ಸವರಿದರು. "ದೊಡ್ಡಾಸ್ಪತ್ರೆಗ್ ಬರಲ್ಲ ಅನ್ನೋ ಬಸುರೀರ್ನ ನಾನೂ ಹಿಂಗೇ ಅಂಗಳದಲ್ಲಿ ನಾಕೆಜ್ಜೆ ನಡ್ಸಿ, ಕೈಲಾಗಲ್ಲ ಅಂತ ಅವ್ರ್ಗೇ ತೋರುಸ್ತಿದ್ದೆ. ನಂಗೇ ಯಾರಾದ್ರೂ ತೋರುಸ್ತಾರೆ ಅನ್ಕಂಡಿರ್ಲಿಲ್ಲ. ಈಗೇನ್ ಮಾಡನ?"

"ಗೋಡೆ ಪಕ್ಕುಕ್ ತಂದು ಹಿಡ್ಕಳಕ್ಕೆ ಕಂಬಿ ಹಾಕ್ತೀನಿ. ಎರಡ್ ಮೆಟ್ಲು ಕಟ್ಟುಸ್ತೀನಿ. ಹೊಸಾ ಟೈಲ್ಸ್ ಒಡೀಬೇಕಾಯ್ತದೆ."

"ಸುತ್ತ ಗಾಳಿ ಆಡಲ್ಲ ಅಂಗಾದ್ರೆ."

"ಮೂರ್ ಕಡೆ ಆಡ್ತದೆ."

ಚಾಮುಂಡಿ ನಕ್ಕರು. "ಒಡಿ. ಈಗ ಕೈ ಕೊಡು. ಸಾವ್ರ ಜನುದ್ ಕೈ ಹಿಡ್ದೋಳು ನಾನು, ನಿಂದ್ ಹಿಡಿಯಕ್ ನಾಚ್ಕೆನಾ?"

ಒಡೆದ ಜಾಗಕ್ಕೆ ಅದೇ ಬಣ್ಣದ ಟೈಲ್ಸ್ ಸಿಗಲಿಲ್ಲ. ನೆಲದ ನಡುವೆ ಒಂದು ಮಾಸಲು ತೇಪೆ ಉಳಿಯಿತು. ಮೊದಲ ದಿನ ನೀರು ತುಂಬಿಸಿದಾಗ ನಿಯಾಜ್ ತನ್ನ ಹೆಂಡತಿ ಅಜೀಜಾಳನ್ನೂ ಕರೆತಂದು, ಬೇಕಾದರೆ ಕೈ ಕೊಡಲೆಂದು ಬಚ್ಚಲ ಬಾಗಿಲ ಬಳಿ ಕೂರಿಸಿದ. ಒಳಗೆ ಬಹಳ ಹೊತ್ತು ಸದ್ದಿಲ್ಲದಿರಲು ಅವಳು ಗಾಬರಿಯಾಗಿ ಕದ ತಟ್ಟಿದಳು.

"ಇದೀನಿ ಕಣಮ್ಮಿ. ಇನ್ನೊಸಿ ಹೊತ್ತು," ಎಂಬ ಉತ್ತರ ಬಂತು.

ನಿಯಾಜ್ ಹಿತ್ತಲಿಗೆ ಹೋಗಿ ಪೈಪಿನ ಬಾಯಿಯ ಬಳಿ ಕಾದ. ಒಂದು ಗಂಟೆ ಕಳೆದ ಮೇಲೆ ಕಂಬಿ ಹಿಡಿದು ಏಳುವಾಗಿನ ನೀರಿನ ಸದ್ದು ಕಿಟಕಿಯಿಂದ ಕೇಳಿತು. ಬಿದ್ದ ಸದ್ದು ಕೇಳಲಿಲ್ಲ. ಆಮೇಲೆ ನೀರು ಬಾಳೆಯ ಬುಡಕ್ಕೆ ಸರಾಗವಾಗಿ ಹರಿಯತೊಡಗಿತು. ಬಗ್ಗಿ ಕೈಯೊಡ್ಡಿದ. ಇನ್ನೂ ಬೆಚ್ಚಗಿತ್ತು.