ಬೂದಿಯಲ್ಲಿ ಸಿಕ್ಕ ತಂತಿ

ಫ್ಯಾನು ತಿರುಗುತ್ತಿದೆ, ಗಾಳಿಯೆಲ್ಲ ವೇದಿಕೆಯ ಮೇಲಿನವರಿಗೆ, ನಮ್ಮ ಸಾಲಿಗೆ ಅದರ ಕಿರಗುಟ್ಟುವ ಸದ್ದಷ್ಟೇ, ಮೈಕಿನ ಮುಂದೆ ಯಾರೋ ಹುಡುಗ ಅಮೆರಿಕ ಅಮೆರಿಕ ಎಂದು ಕೂಗುತ್ತಿದ್ದಾನೆ, ಅವನಾದ ಮೇಲೆ ನನ್ನ ವಿದ್ಯಾ, ಧಾರವಾಡದ ಇಷ್ಟು ದೊಡ್ಡ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಮಗಳು ಮಾತಾಡುತ್ತಾಳೆಂದು ಇಳಕಲ್ ಸೀರೆ ಉಟ್ಟು ಹುಬ್ಬಳ್ಳಿಯಿಂದ ಬಂದು ಕೂತಿದ್ದೇನೆ, ಚುರಮುರಿ ಭಟ್ಟಿಯ ಮಾಳವ್ವ, ಮಡಿಲಲ್ಲಿ ಚೀಲ, ಚೀಲದೊಳಗೆ ಕೈ, ಕೈಯಲ್ಲಿ ತಂತಿ — ಬೆರಳಿಗೆ ಸುತ್ತಿಕೊಳ್ಳುತ್ತದೆ, ಬಿಚ್ಚುತ್ತೇನೆ, ಮತ್ತೆ ಸುತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಗಂಡ, ಅರ್ಜುನಪ್ಪ, ಟೊಪ್ಪಿಗೆ ಸರಿಮಾಡಿಕೊಂಡು, ಯಾಕ ಮಾಳವ್ವಾ ಇಷ್ಟ ಬೆವರಾಕತ್ತಿ, ನೀರು ತರ್ಲೇನು, ಎನ್ನುತ್ತಾನೆ. ಎನ್ನುತ್ತಾನೆ! ನಿನ್ನೆಯವರೆಗೆ ನನ್ನ ಮನಸ್ಸಿನಲ್ಲೂ ಅವರು, ಇವತ್ತು ಬೆಳಿಗ್ಗೆಯಿಂದ ಅವನು, ಬಾಯಿಗೆ ಬಂದಿಲ್ಲ, ಬಂದೀತು, ಒಲ್ಲೆ ಎಂದು ತಲೆ ಅಲ್ಲಾಡಿಸಿದೆ, ಏನು ಕಾಳಜಿ ಮಹಾರಾಯಂದು, ಆ ಕಾಳಜಿಯನ್ನು ನಂಬಿಯೇ ಅಲ್ಲವೇ ನಾನು ಕೆಟ್ಟದ್ದು. ಬಸ್ಸಿನಲ್ಲೂ ಹೀಗೇ, ಕಿಟಕಿ ಪಕ್ಕ ನೀ ಕುಂಡ್ರು ಎಂದ, ನವನಗರ ದಾಟಿತು, ರಾಯಾಪುರ ದಾಟಿತು, ಮುಂದಿನ ಸೀಟಿನಲ್ಲಿ ವಿದ್ಯಾ ತುಟಿ ಅಲುಗಿಸುತ್ತ ಭಾಷಣ ಹೇಳಿಕೊಳ್ಳುತ್ತಿದ್ದಳು, ನಾನು ಅವಳ ಜಡೆ ನೋಡುತ್ತ ಕೂತೆ, ಬಾಯಿ ಬಿಟ್ಟಿದ್ದರೆ ಬಸ್ಸಿನಲ್ಲೇ ರಂಪವಾಗುತ್ತಿತ್ತು. ಹೋದ ವಾರ ಚುರಮುರಿ ಜರಡಿ ಹಿಡಿಯುವಾಗ ಕೇಳಿದ್ದೆ, ಏನವಾ ಅದು ನಿನ್ನ ವಿಷಯ, ಅವ್ವಾ, ಎಂದಳು, ಜಪಾನದಾಗ ಕ್ಯೋಟೋ ಅಂತ ಊರೈತಿ, ಅಲ್ಲಿ ದೇಶಗೋಳು ಕೂಡಿ ಹೊಗಿ ಕಡಿಮಿ ಮಾಡ್ತೇವಂತ ಮಾತು ಕೊಟ್ಟಿದ್ವು, ಈಗ ಎಲ್ಲಾರಕಿಂತ ಹೆಚ್ಚು ಹೊಗಿ ಬಿಡೂ ಅಮೆರಿಕಾನ ನಾ ಒಲ್ಲೆ ಅಂತು, ಹಂಗಾದ್ರ ಉಳದವ್ರು ಇರಬೇಕೋ ಬಿಡಬೇಕೋ, ನಾನೆಂದೆ, ಇದು ನಿಮ್ಮ ಹೊಳೆಯಪ್ಪಮಾವನ ಕಥಿ ಅಲ್ಲೇನ, ಇದಕ್ಕ ಜಪಾನಕ್ಕ್ಯಾಕ ಹೋಗ್ಬೇಕು, ಹುಡುಗಿ ನಕ್ಕಳು, ನಕ್ಕು ನಕ್ಕು ಉಬ್ಬಸ ಬಂತು, ಪಂಪು ಬಾಯಿಗಿಟ್ಟು ಎಳೆದುಕೊಂಡಳು, ಎಳೆದುಕೊಳ್ಳುತ್ತಲೇ ಕಣ್ಣಲ್ಲಿ ನಗುತ್ತಿದ್ದಳು.

ಆ ಉಬ್ಬಸದಿಂದಲೇ ಎಲ್ಲ ಶುರುವಾದದ್ದು, ನಮ್ಮ ಓಣಿಯ ಭಟ್ಟಿಗಳಿಗೆಲ್ಲ ಆಗ ಹಳೆಯ ಟಾಯರೇ ಉರುವಲು, ಉಸುಕು ಲಗೂ ಕಾಯುತ್ತದೆ, ಅಕ್ಕಿ ಪಟಪಟ ಅರಳಿ ಚುರಮುರಿಯಾಗುತ್ತದೆ, ಮೇಲೆ ಕರೀ ಹೊಗೆ, ಒಣಹಾಕಿದ ಧೋತರದ ಮೇಲೂ ಮಸಿ, ಮೂಗಿನಲ್ಲೂ ಮಸಿ, ಒಂದು ಸಂಜೆ ವಿದ್ಯಾಳ ತುಟಿ ನೀಲಿಯಾಯಿತು, ಅವಳನ್ನು ಎತ್ತಿಕೊಂಡು ಓಡಿದವನು ನನ್ನ ಅಣ್ಣ ಹೊಳೆಯಪ್ಪನೇ, ಡಾಕ್ಟರು ಹೇಳಿದರು, ಔಷಧ ನಾ ಕೊಡ್ತೇನ್ರಿ, ಹೊಗಿ ನೀವು ಬಿಡಿಸ್ರಿ. ಓಣಿಗೆ ಹಿರಿಯರಾದ ಗೌಸಸಾಬರ ಅಂಗಳದಲ್ಲಿ ಭಟ್ಟಿಯವರೆಲ್ಲ ಕೂಡಿದರು, ಇನ್ನು ಹೊಟ್ಟು ಬಿಟ್ಟು ಬೇರೆ ಹಾಕೂದಿಲ್ಲ, ಭತ್ತದ ಹೊಟ್ಟು, ಶೇಂಗಾದ ಹೊಟ್ಟು, ಅಷ್ಟೇ, ಬರಿ ಬಾಯಿಮಾತು ಬ್ಯಾಡ ಎಂದರು ಗೌಸಸಾಬ, ಒಂದೊಂದು ಭಟ್ಟಿಯಿಂದ ಹೊಟ್ಟಿನ ಉರಿಯಲ್ಲಿ ಅರಳಿಸಿದ ಚುರಮುರಿ ಬಂತು, ಎಲ್ಲವನ್ನೂ ಒಂದೇ ಪರಾತದಲ್ಲಿ ಸುರಿದು, ಪುಟಾಣಿ ಸಕ್ಕರೆ ಬೆರೆಸಿ, ಗೌಸಸಾಬ ಫಾತೇಹಾ ಓದಿದರು, ನಮ್ಮವನು, ಅರ್ಜುನಪ್ಪ, ಕಾಯಿ ಒಡೆದ, ಇನ್ನ ಯಾವ ಕಾಳು ಯಾರ ಭಟ್ಟೀದು ಹೇಳ್ರಿ ನೋಡೋಣ ಎಂದು ಯಾರೋ ನಕ್ಕರು, ಎಲ್ಲರೂ ತಿಂದೆವು. ಆಮೇಲೆ ನಮ್ಮವನು ಎದ್ದು ವಿದ್ಯಾಳ ತಲೆಯ ಮೇಲೆ ಕೈಯಿಟ್ಟು, ಇಕಿ ಆಣಿ, ನನ್ನ ಒಲ್ಯಾಗ ಟಾಯರ್ ಬೀಳಾಂಗಿಲ್ಲ ಎಂದ, ಯಾರೂ ಕೇಳಿರಲಿಲ್ಲ, ತಾನಾಗಿಯೇ ಎಂದ, ನನ್ನ ಕಣ್ಣು ತುಂಬಿ ಬಂತು. ಈ ಬೇಸಿಗೆಯಲ್ಲಿ ಹೊಟ್ಟು ತುಟ್ಟಿಯಾಯಿತು, ಹೊಳೆಯಪ್ಪಣ್ಣ ಬಂದು ನಮ್ಮ ಪಡಸಾಲೆಯಲ್ಲಿ ಕೂತ, ಚಹಾ ಮುಟ್ಟಲಿಲ್ಲ, ಮಾಳೂ, ನನ್ನ ಕೈಲೆ ಆಗೂದಿಲ್ಲವಾ, ನಾಳಿಂದ ಟಾಯರ್ ಹಾಕಾವ ಅದೇನಿ, ಮುಚ್ಚಿಟ್ಟು ಮಾಡೂದು ಬ್ಯಾಡಂತ ಹೇಳಾಕ ಬಂದೆ, ನಾನು ಏನೇನು ಅಂದೆ ಅವನಿಗೆ, ಸೋದರಮಾವ ಅಲ್ಲ ನೀನು, ಸೋದರಸೊಸಿಯ ಕುತ್ತಿಗಿ ಹಿಚಕಾಂವ ಎಂದೆ, ಅವನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿ ಹೋದ, ಈ ಸಲ ನಾಗರಪಂಚಮಿಗೆ ಉಂಡಿ ಕಟ್ಟಿಕೊಂಡು ತವರಿಗೆ ಕರೆಯಲು ಬಂದವನಿಗೆ ಬಾಗಿಲು ತೆಗೆಯಲಿಲ್ಲ, ಕದದ ಹಿಂದೆ ನಿಂತು ಅತ್ತೆ. ಯಾರಿಗಾಗಿ ಅತ್ತೆ, ಯಾರ ಮಾತನ್ನು ನಂಬಿ ತವರು ಬಿಟ್ಟೆ, ಹೋಗಾವ ಹೋಗ್ಲಿ ಬಿಡು, ನಾವು ನಮ್ಮ ಮಾತಿಗೆ ಇರೋಣು ಎಂದು ನನ್ನ ಬೆನ್ನು ಸವರಿದ ಗಂಡನ ಆ ಕೈ, ಆ ಕೈಯೇ —

ಸೊಂಟನೋವು ಐತಿ ನಿನಗ, ಒಲಿ ಬೂದಿ ನಾ ಬಳದ ತಗೀತೇನಿ ಬಿಡು ಎಂದ, ಪಂಚಮಿಯ ಮರುದಿನ, ನಾನು ನೀರು ತರಲು ಹೋದಲ್ಲಿ ನಮ್ಮ ಓಣಿಯ ಹಾಜರಾಬಿಯ ಮುಂದೆ ಹೇಳಿಕೊಂಡೆ, ನಮ್ಮನಿಯವ್ರು ಬೂದಿ ಸೈತ ಮುಟ್ಟಸಿ ಕೊಡೂದಿಲ್ಲವಾ, ಹಾಜರಾಬಿ ಪುಣ್ಯಾ ಮಾಡೀ ಎಂದಳು, ಅವಳಿಗೆ ಗೊತ್ತಿತ್ತೋ ಏನೋ, ಇಡೀ ಓಣಿಗೆ ಗೊತ್ತಿತ್ತೋ ಏನೋ. ನಸುಕಿನಲ್ಲಿ ನಾನು ಏಳುವ ಮೊದಲೇ ಒಲೆ ಹೊತ್ತಿಸುತ್ತಿದ್ದ, ವಾಸನೆ ಬಂದರೆ ಬಂದದ್ದು ಅಣ್ಣನ ಭಟ್ಟಿಯಿಂದ ಎಂದು ಅವನನ್ನೇ ಬೈದೆ, ವಿದ್ಯಾಳ ಪಂಪು ಮತ್ತೆ ಮತ್ತೆ ಖಾಲಿಯಾಯಿತು, ಅದಕ್ಕೂ ಅಣ್ಣನನ್ನೇ ಬೈದೆ, ಗಂಡ ಬಳಿದು ಕೊಟ್ಟ ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಹೊಳೆಯುವ ಬದಲು ಜಿಡ್ಡು ಹಿಡಿಯಿತು, ಹೊಟ್ಟಿನ ಬೂದಿ ಬೆಳ್ಳಗೆ ಮೆತ್ತಗೆ ಇರುತ್ತದೆ, ಕೈಗೇ ತಿಳಿಯುತ್ತದೆ, ನನ್ನ ಕೈಗೆ ತಿಳಿದಿತ್ತು, ನಾನೇ ತಿಳಿದುಕೊಳ್ಳಲಿಲ್ಲ. ಇವತ್ತು ಬಸ್ಸಿನ ಗಡಿಬಿಡಿಯಲ್ಲಿ ಅವನು ಬೂದಿ ಬಳಿದು ತೆಗೆಯಲು ಮರೆತು ಜಳಕಕ್ಕೆ ಹೋದ, ಒಲೆ ಹಾಗೇ ಬಿಟ್ಟು ಹೋಗಬಾರದೆಂದು ನಾನು ಸಲಿಕೆ ಹಾಕಿದೆ, ಏನೋ ತೊಡರಿತು, ಎಳೆದೆ, ಬಂತು, ಸುರುಳಿ ಸುರುಳಿ, ಟಾಯರು ಸುಟ್ಟು ಹೋದರೂ ಒಳಗಿನ ತಂತಿ ಸುಡುವುದಿಲ್ಲ, ಒಂದು ಸುರುಳಿಯ ಹಿಂದೆ ಇನ್ನೊಂದು ಬಂತು, ಬಚ್ಚಲಿನಲ್ಲಿ ಅವನು ಹರಹರ ಎಂದು ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ.

ಚಪ್ಪಾಳೆ, ಹುಡುಗ ಇಳಿದ, ವಿದ್ಯಾ ನಿಂತಿದ್ದಾಳೆ, ಮೈಕು ಅವಳಿಗೆ ಎತ್ತರ, ಯಾರೋ ತಗ್ಗಿಸಿದರು, ಉಸಿರು ಎಳೆದುಕೋ ಮಗಳೇ, ಮೆಲ್ಲಗೆ. ಮಾನ್ಯರೇ, ದೊಡ್ಡವನೊಬ್ಬ ಹೊರಗೆ ಹೋದನೆಂದು ಒಪ್ಪಂದ ಸಾಯುವುದಿಲ್ಲ, ಉಳಿದವರು ಮಾತು ತಪ್ಪಿದಾಗ ಸಾಯುತ್ತದೆ — ಅಯ್ಯೋ ಹುಡುಗೀ — ನಮ್ಮ ಓಣಿಯಲ್ಲೂ ಒಂದು ಒಪ್ಪಂದವಿತ್ತು, ನನ್ನ ಮಾವ ಬಿಟ್ಟು ಹೋದರು, ನನ್ನ ಅಪ್ಪ ಬಿಡಲಿಲ್ಲ, ಅವರು ಇಲ್ಲೇ ಕೂತಿದ್ದಾರೆ, ಅಪ್ಪಾ, ಒಮ್ಮೆ ಎದ್ದು ನಿಲ್ಲು — ಎದ್ದೇಬಿಟ್ಟ, ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಕೈ ಮುಗಿದ, ನಾಚಿದವನ ಹಾಗೆ ನಕ್ಕ, ಹೇಗೆ ಬಂತು ಅವನಿಗೆ ಆ ನಗು, ಹೇಳಿ ಹೋದ ಅಣ್ಣನಿಗೆ ನಾನು ಬಾಗಿಲು ಮುಚ್ಚಿದೆ, ಹೇಳದೆ ಉಳಿದವನಿಗೆ ಊಟ ಬಡಿಸಿದೆ, ಈಗ ಹೇಳಿದರೆ ಇಷ್ಟು ಜನರ ಮುಂದೆ ನನ್ನ ಕೂಸು ಸುಳ್ಳಿಯಾಗುತ್ತಾಳೆ, ಹೇಳದಿದ್ದರೆ ನಾಳೆ ನಸುಕಿನಲ್ಲಿ ಮತ್ತೆ ಅದೇ ಹೊಗೆ, ಅದೇ ಪಂಪು, ಕೈ ತಟ್ಟು ಮಾಳವ್ವಾ, ಹುಡುಗಿ ನೋಡಾಕತ್ತಾಳ, ಎನ್ನುತ್ತಾನೆ, ತಟ್ಟಲು ಕೈ ಎಲ್ಲಿದೆ, ಕೈಯಲ್ಲಿ ತಂತಿ. ಮಾತು ಮುಗಿಯಿತು, ಚಪ್ಪಾಳೆಯ ನಡುವೆ ಮೆಟ್ಟಿಲಿಳಿದು ನಮ್ಮ ಕಡೆಗೇ ಬರುತ್ತಿದ್ದಾಳೆ, ಏದುಸಿರು, ನಗು, ಬಗ್ಗಿ ಅಪ್ಪನ ಕಾಲು ಮುಟ್ಟುತ್ತಾಳೆ, ಅವನು ಆಶೀರ್ವಾದಕ್ಕೆ ಕೈ ಎತ್ತಿದ, ಅದೇ ಕೈ, ಅದೇ ತಲೆ, ನನ್ನ ಮುಷ್ಟಿ ಚೀಲದಿಂದ ತಾನೇ ಹೊರಗೆ ಬಂತು, ತಾನೇ ಬಿಚ್ಚಿತು, ಅವನು ನೋಡಿದ, ಕೈ ಅವಳ ತಲೆಯ ಮೇಲೆ ಗೇಣು ಎತ್ತರದಲ್ಲಿ ನಿಂತಿದೆ, ಇಳಿಯುತ್ತಿಲ್ಲ, ಬಗ್ಗಿದ ಮಗಳು ಅಪ್ಪನ ಕೈ ಯಾಕೆ ಇಳಿಯಲಿಲ್ಲವೆಂದು ಮುಖ ಎತ್ತುತ್ತಿದ್ದಾಳೆ, ಭಟ್ಟಿ ಓಣಿಯ ಹುಡುಗಿ, ಇದು ಏನೆಂದು ಅವಳಿಗೆ ಯಾರೂ ಹೇಳಬೇಕಿಲ್ಲ, ನನ್ನ ಅಂಗೈಯಲ್ಲಿ ತಂತಿ, ಕರೀ ತಂತಿ, ತಂತಿ